ಕೆತ್ತಿದವರ ಹೆಸರು

ಕೆಲಸವಿಲ್ಲದ ಬಡಗಿ ಮಗುವಿನ ಅಂಡು ಕೆತ್ತಿದನಂತೆ. ವಸಿಷ್ಠನಿಗೆ ಮಗುವೂ ಇರಲಿಲ್ಲ, ಉಳಿ ಹಿಡಿಯುವುದೂ ಗೊತ್ತಿರಲಿಲ್ಲ. ಇದ್ದದ್ದು ಒಂದು ಲ್ಯಾಪ್‌ಟಾಪ್. ಅದನ್ನು ಬೆನ್ನಿಗೆ ಹಾಕಿಕೊಂಡು ಅವನು ಮಲ್ಲೇಶ್ವರದಿಂದ ಮೆಟ್ರೋ ಹತ್ತಿ, ವಾರಕ್ಕೆ ಮೂರು ದಿನ ಬಸವನಗುಡಿಯ ದೊಡ್ಡಮ್ಮನ ಮನೆಗೆ ಬರತೊಡಗಿದಾಗಲೇ, ಹಿತ್ತಲ ಕೋಣೆಯಲ್ಲಿ ಕೊಬ್ಬರಿ ಕೆತ್ತುತ್ತ ಕೂತಿದ್ದ ಅಂಜಮ್ಮನಿಗೆ ಗೊತ್ತಾಯಿತು, ಇನ್ನು ಈ ಮನೆಯಲ್ಲಿ ನೆಟ್ಟಗಿರುವ ಯಾವುದನ್ನೂ ಇವನು ನೆಟ್ಟಗಿರಲು ಬಿಡುವುದಿಲ್ಲ ಎಂದು.

ಕಂಪನಿ ಅವನನ್ನು ಬಿಟ್ಟಿತ್ತೋ ಅವನೇ ಕಂಪನಿಯನ್ನು ಬಿಟ್ಟಿದ್ದನೋ, ಕೇಳಿದಾಗಲೆಲ್ಲ ಬೇರೆ ಬೇರೆ ಉತ್ತರ ಬರುತ್ತಿತ್ತು. ಸದ್ಯಕ್ಕೆ ಅವನು ಸಣ್ಣ ವ್ಯಾಪಾರಗಳಿಗೆ ಯಾವ ಸಾಫ್ಟ್‌ವೇರ್ ಒಳ್ಳೆಯದೆಂದು ಆರಿಸಿಕೊಡುವ ಸಲಹೆಗಾರ. ಇಷ್ಟು ದೊಡ್ಡ ಬೆಂಗಳೂರಿನಲ್ಲಿ ಅವನ ಸಲಹೆ ಕೇಳಿದ್ದು ಒಬ್ಬಳೇ ಒಬ್ಬಳು, ಅವನ ದೊಡ್ಡಮ್ಮ ಸುಪ್ರಜಾ.

ಸುಪ್ರಜಾಳದು ಮದುವೆ ಮನೆಗಳಿಗೆ ತಟ್ಟೆ ಸಿಂಗರಿಸಿ ಕೊಡುವ ವ್ಯಾಪಾರ. ವರಪೂಜೆಗೆ ಬೀಗರ ಮುಂದೆ ಸಾಲಾಗಿ ಇಡುತ್ತಾರಲ್ಲ, ಆ ತಟ್ಟೆಗಳು. ಒಂದೊಂದರ ನಡುವೆಯೂ ಒಂದು ಒಣಕೊಬ್ಬರಿ ಗಿಟುಕು. ಅದರ ಕಂದು ಸಿಪ್ಪೆ ಹೆರೆದು, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟು, ತುಸು ಮೆತ್ತಗಾದ ಮೇಲೆ ಬೆನ್ನಿನ ಮೇಲೆ ನವಿಲು, ಶಂಖ, ಚಕ್ರ, ವಧೂವರರ ಹೆಸರು ಕೆತ್ತಬೇಕು. ತಟ್ಟೆಗೆ ಜರಿ, ಮಣಿ, ಬಣ್ಣದ ಕಾಗದ ಅಂಟಿಸುವುದು ಸುಪ್ರಜಾ. ಕೊಬ್ಬರಿ ಕೆತ್ತುವುದು ಅಂಜಮ್ಮ. ಜನ ತಟ್ಟೆ ಕೊಳ್ಳುತ್ತಿದ್ದುದು ಮಣಿಗಾಗಿ ಅಲ್ಲ. ಮಣಿ ಗಾಂಧಿ ಬಜಾರಿನಲ್ಲಿ ಯಾರಿಗೆ ಬೇಕಾದರೂ ಸಿಗುತ್ತದೆ.

ಇಪ್ಪತ್ತೆರಡು ವರ್ಷದಿಂದ ಇದು ಹೀಗೇ ನಡೆದಿತ್ತು, ಮತ್ತು ಇಪ್ಪತ್ತೆರಡು ವರ್ಷದಿಂದ ಸುಪ್ರಜಾ ಗಿರಾಕಿಗಳಿಗೆ ಹೇಳುತ್ತಿದ್ದುದು ಒಂದೇ ಮಾತು: "ಎಲ್ಲಾ ನಾವು ಮನೆಯವ್ರೇ ಮಾಡೋದು. ಮಡೀಲಿ." ಅಂಜಮ್ಮ ಗವಿಪುರದವಳು. ಯಾವ ಬೀದಿ, ಯಾವ ಜನ ಎಂದು ಯಾರೂ ಕೇಳುವ ಪ್ರಸಂಗವೇ ಬರದಂತೆ, ಗೇಟಿನ ಸದ್ದಾದೊಡನೆ ಸುಪ್ರಜಾ ಹಿತ್ತಲ ಕೋಣೆಯ ಬಾಗಿಲನ್ನು ಮುಂದಕ್ಕೆಳೆಯುತ್ತಿದ್ದಳು. "ಧೂಳು ಬರುತ್ತೆ ಅಂಜಮ್ಮ," ಅನ್ನುತ್ತಿದ್ದಳು. ಬೀದಿಯ ಧೂಳು ಕೊಬ್ಬರಿಗೆ ತಾಗಬಾರದೆಂದೋ, ಕೊಬ್ಬರಿಯ ಧೂಳು ಗಿರಾಕಿಗೆ ತಾಗಬಾರದೆಂದೋ, ಬಿಡಿಸಿ ಹೇಳುತ್ತಿರಲಿಲ್ಲ. ಅಂಜಮ್ಮ ಕೇಳುತ್ತಲೂ ಇರಲಿಲ್ಲ.

ವಸಿಷ್ಠ ಮೊದಲು ತಂದ ಸಾಫ್ಟ್‌ವೇರಿಗೆ ಅಂಜಮ್ಮ 'ಹಲಗೆ' ಎಂದು ಹೆಸರಿಟ್ಟಳು. ಅದುವರೆಗೆ ಆರ್ಡರ್ ಕೊಟ್ಟವರ ಲಗ್ನಪತ್ರಿಕೆಗೆ ಅರಿಶಿನ ಹಚ್ಚಿ, ಮುಹೂರ್ತದ ದಿನ ನೋಡಿಕೊಂಡು ಕಿಟಕಿಯ ದಾರಕ್ಕೆ ಸಾಲಾಗಿ ಕಟ್ಟುತ್ತಿದ್ದರು. ಮೊದಲು ಯಾವುದು, ಆಮೇಲೆ ಯಾವುದು ಎಂದು ಒಂದು ಸಲ ಕತ್ತೆತ್ತಿದರೆ ತಿಳಿಯುತ್ತಿತ್ತು. ವಸಿಷ್ಠ ದಾರ ಬಿಚ್ಚಿಸಿದ. ಒಂದೊಂದು ಮದುವೆಗೆ ಹದಿನಾಲ್ಕು ಬಣ್ಣದ ಚೌಕಗಳನ್ನು ಮಾಡಿ, 'ಮಾಡಬೇಕು' ಎಂಬ ಕಡೆಯಿಂದ 'ಆಯಿತು' ಎಂಬ ಕಡೆಗೆ ತಳ್ಳಬೇಕು ಅಂದ. ಸುಪ್ರಜಾಳಿಗೆ ತಳ್ಳುವುದರಲ್ಲಿ ಎಂಥ ಖುಷಿ ಹತ್ತಿತೆಂದರೆ, "ಅಂಜಮ್ಮಾ, ನವಿಲು ಆಯ್ತು ಅಂತ ತಳ್ಳಿಬಿಡ್ಲಾ?" ಎಂದು ಒಳಗಿನಿಂದಲೇ ಕೂಗುತ್ತಿದ್ದಳು.

"ಆಗಿಲ್ಲ ಅಮ್ಮಾ. ಇನ್ನೂ ಕಣ್ಣು ತೆಗೆದಿಲ್ಲ."

"ನವಿಲು ಆಮೇಲೆ ಆಗ್ಲಿ ಬಿಡು. ತಳ್ತೀನಿ."

ಹದಿನಾಲ್ಕು ದಿನ ಪುಕ್ಕಟೆ. ಹದಿನೈದನೆಯ ದಿನ ಕಾಸು ಕೇಳಿತು, ಹಲಗೆ ಹೋಯಿತು. ದಾರ ಮಾತ್ರ ಮತ್ತೆ ಬರಲಿಲ್ಲ.

ಎರಡನೆಯದು 'ಗಡಿಯಾರ'. ಒಂದು ಗಿಟುಕು ಕೈಗೆತ್ತಿಕೊಂಡಾಗ ಫೋನಿನಲ್ಲಿ ಒತ್ತಬೇಕು, ಮುಗಿದಾಗ ಇನ್ನೊಮ್ಮೆ ಒತ್ತಬೇಕು. ಕೊಬ್ಬರಿ ಎಣ್ಣೆ ಮೆತ್ತಿದ ಬೆರಳಿಗೆ ಆ ಗಾಜು ಎಲ್ಲಿ ಬಗ್ಗುತ್ತದೆ? ಅಂಜಮ್ಮ ಮೊಣಕೈಯಲ್ಲಿ ಒತ್ತಿ ನೋಡಿದಳು, ಮರೆತು ಮನೆಗೆ ಹೋದಳು, ಮರುದಿನ ಬಂದು ಒಟ್ಟಿಗೆ ಎರಡು ಸಲ ಒತ್ತಿದಳು. ವಾರದ ಕೊನೆಗೆ ವಸಿಷ್ಠನ ವರದಿ ಬಂತು. ಅದರ ಪ್ರಕಾರ ಅಂಜಮ್ಮ ಒಂದು ಶಂಖವನ್ನು ಹತ್ತೊಂಬತ್ತು ಗಂಟೆ ಕೆತ್ತಿದ್ದಳು. ಇನ್ನೊಂದನ್ನು ನಾಲ್ಕೇ ಸೆಕೆಂಡಿನಲ್ಲಿ ಮುಗಿಸಿದ್ದಳು.

"ನಾಲ್ಕು ಸೆಕೆಂಡ್!" ಅಂದ ವಸಿಷ್ಠ. ತಮಾಷೆಗಲ್ಲ. "ಅಂಜಮ್ಮ, ಅವತ್ತು ಏನ್ ಬೇರೆ ಥರ ಮಾಡಿದ್ರಿ ಅಂತ ನೆನಪಿದ್ಯಾ? ಅದನ್ನ ಹಿಡ್ಕೊಂಡ್ರೆ ಸಾಕು ನಾವು."

ಅಂಜಮ್ಮ ಅವನ ಮುಖ ನೋಡಿದಳು. ಓದು ತಲೆಗೆ ಹತ್ತದವರನ್ನು ಅವಳು ಬೇಕಾದಷ್ಟು ಕಂಡಿದ್ದಳು, ತಾನೂ ಅವರಲ್ಲೊಬ್ಬಳು. ಹತ್ತಿದ ಓದು ತಲೆಯನ್ನೇ ತಿಂದುಹಾಕಿದ್ದನ್ನು ಕಂಡದ್ದು ಇದೇ ಮೊದಲು. "ಉಪವಾಸ ಇದ್ದೆ ಕಣಪ್ಪ ಅವತ್ತು," ಅಂದಳು. ಅವನು ಅದನ್ನೂ ಬರೆದುಕೊಂಡ.

ಮೂರನೆಯದು 'ಕಿಟಕಿ'.

"ಪಿಜ್ಜಾ ಎಲ್ಲಿಗ್ ಬಂತು ಅಂತ ನೋಡ್ತೀವಲ್ಲ ದೊಡ್ಡಮ್ಮ, ಹಾಗೆ," ಅಂದ ವಸಿಷ್ಠ. "ಆರ್ಡರ್ ಕೊಟ್ಟವ್ರಿಗೆ ಒಂದು ಲಿಂಕ್ ಹೋಗುತ್ತೆ. ಮನೇಲಿ ಕೂತ್ಕೊಂಡೇ ನೋಡ್ಬಹುದು, ಎಷ್ಟು ಕೆಲಸ ಆಗಿದೆ, ಯಾರು ಮಾಡ್ತಿದಾರೆ, ಎಲ್ಲಾ. ಕನ್ನಡದಲ್ಲೇ ಬರುತ್ತೆ. ಈಗ ಎಲ್ಲಾರೂ ಟ್ರಾನ್ಸ್‌ಪರೆನ್ಸಿ ಕೇಳ್ತಾರೆ."

"ಎಲ್ಲಾ ಕಾಣುತ್ತಾ?"

"ಎಲ್ಲಾ."

"ಚೆನ್ನಾಗಿದೆ ಕಣೋ. ಇದನ್ನೇ ಹಾಕ್ಸು," ಅಂದಳು ಸುಪ್ರಜಾ, ಮಣಿ ಪೋಣಿಸುತ್ತ.

ಬಹುಕಾಲ ಹೇಳಿಕೊಂಡು ಬಂದ ಸುಳ್ಳಿನ ಕಷ್ಟವೇ ಇದು, ಅದು ಸುಳ್ಳೆಂಬುದು ಹೇಳುವವರಿಗೇ ಮರೆತಿರುತ್ತದೆ. ಸುಪ್ರಜಾ ಇದು ಗುಟ್ಟು ಎಂದು ಮನೆಯಲ್ಲಿ ಯಾರಿಗೂ ಬಾಯಿಬಿಟ್ಟು ಹೇಳಿದವಳಲ್ಲ; ಬಾಗಿಲು ಎಳೆಯುತ್ತಿದ್ದಳು, ಅಷ್ಟೆ. ಬಾಗಿಲು ಯಾಕೆ ಎಳೆಯುತ್ತಾಳೆಂದು ತಲೆ ಕೆಡಿಸಿಕೊಳ್ಳುವ ಜಾತಿಯವನಲ್ಲ ವಸಿಷ್ಠ. ಅವನ ಮುಂದೆ ಒಂದು ಫಾರ್ಮ್ ಇತ್ತು. ಕೆಲಸ ಮಾಡುವವರ ಹೆಸರು, ಊರು, ಅನುಭವ, ಫೋಟೋ ಕೊಡದಿದ್ದರೆ ಅದು ಮುಂದಕ್ಕೆ ಹೋಗುವುದಿಲ್ಲ ಎಂದು ಹಟ ಹಿಡಿದಿತ್ತು. ಅವನು ಹಿತ್ತಲ ಕೋಣೆಗೆ ಬಂದು ಫೋನೆತ್ತಿ, "ಅಂಜಮ್ಮ, ಸ್ವಲ್ಪ ನಗಿ," ಅಂದ. ಅಂಜಮ್ಮ ನಗಲಿಲ್ಲ. ಅವನು ಹಾಗೇ ಫೋಟೋ ಹೊಡೆದುಕೊಂಡು ಹೋದ.

ಅಂದು ಸಂಜೆ ಗವಿಪುರದ ಮನೆಯಲ್ಲಿ ಮಗಳು ಲಾಸ್ಯಾ ಅಮ್ಮನ ಫೋನಿಗೂ ಬಂದಿದ್ದ ಲಿಂಕ್ ತೆರೆದು ನೋಡಿದವಳು, ಕೈಯಲ್ಲಿದ್ದ ಚಹಾ ಲೋಟ ಕೆಳಗಿಟ್ಟಳು. ಲಾಸ್ಯಾ ಒಂದು ಆಸ್ಪತ್ರೆಯ ಬಿಲ್ ಕೌಂಟರಿನಲ್ಲಿ ಕೆಲಸ ಮಾಡುವ ಹುಡುಗಿ, ಸುಮ್ಮಸುಮ್ಮನೆ ಬೆರಗಾಗುವವಳಲ್ಲ.

"ಅಮ್ಮಾ, ಇಲ್ಲಿ ನೋಡು. ನಿನ್ನ ಹೆಸ್ರು ಹಾಕಿದಾರೆ."

ಅಂಜಮ್ಮ ಕೈ ತೊಳೆದು, ಸೆರಗಿಗೆ ಒರೆಸಿಕೊಂಡು ಫೋನು ತೆಗೆದುಕೊಂಡಳು. ಮೇಲೆ ಅವಳ ಫೋಟೋ, ಕೂದಲ ತುಂಬ ಕೊಬ್ಬರಿ ಹುಡಿ. ಕೆಳಗೆ ಒಂದೊಂದೇ ಅಕ್ಷರ ಕೂಡಿಸಿ ಓದಿದಳು: 'ಕೊಬ್ಬರಿ ಕೆತ್ತನೆ: ಅಂಜಮ್ಮ, ಗವಿಪುರಂ. ಅನುಭವ: ಇಪ್ಪತ್ತೆರಡು ವರ್ಷ.'

ಅವಳು ಈ ಊರಿನ ಎಷ್ಟೋ ಮನೆಗಳ ಮದುಮಕ್ಕಳ ಹೆಸರು ಕೆತ್ತಿದ್ದಳು. ಉದ್ದುದ್ದ ಹೆಸರುಗಳು, ಒತ್ತಕ್ಷರದ ಮೇಲೆ ಒತ್ತಕ್ಷರ, ಬ್ಲೇಡು ಒಂದು ಕೂದಲೆಳೆ ಜಾರಿದರೂ ಗಿಟುಕು ಕೆಡುವಂಥವು. ಅವಳಪ್ಪ ಸೊಣ್ಣಪ್ಪ ಸಂಕ್ರಾಂತಿಯ ಸಕ್ಕರೆ ಅಚ್ಚಿಗೆ ಮರದ ಪಡಿಯಚ್ಚು ಕೆತ್ತುತ್ತಿದ್ದವನು. ಆ ಅಚ್ಚುಗಳ ಬೆನ್ನಿಗೆ ಅಂಗಡಿಯವನ ಹೆಸರಿರುತ್ತಿತ್ತು, ಅದನ್ನೂ ಅಪ್ಪನ ಕೈಯಲ್ಲೇ ಕೆತ್ತಿಸಿಕೊಳ್ಳುತ್ತಿದ್ದರು. ಎರಡು ತಲೆಮಾರು ಕೆತ್ತಿದ ಮನೆಯಲ್ಲಿ, ಕೆತ್ತಿದವರ ಹೆಸರು ಕಂಡದ್ದು ಇದೇ ಮೊದಲು.

"ಇದು ಗಿರಾಕಿಗಳಿಗೂ ಕಾಣ್ತದಾ?"

"ಅವ್ರಿಗೆ ಕಾಣ್ಲಿ ಅಂತಾನೇ ಅಮ್ಮ ಇದು ಇರೋದು."

ಲಾಸ್ಯಾ ಅದರ ಚಿತ್ರ ತೆಗೆದು ಮುತ್ತುರಾಜ್ ಮಾವನಿಗೆ ಕಳಿಸಿದಳು. ಅವನು ಅದನ್ನು ತನ್ನ ಸ್ಟೇಟಸ್ಸಿಗೆ ಹಾಕಿಕೊಂಡು ನೆಂಟರಿಗೆಲ್ಲ ಡಂಗುರ ಸಾರಿದ. ಅಂಜಮ್ಮ ಮರುದಿನ ಕೆಲಸಕ್ಕೆ ಹೋದಾಗ ಸುಪ್ರಜಾಳಿಗೆ ಒಂದು ಮಾತು ಹೇಳಬಹುದಿತ್ತು, ಅಮ್ಮಾ, ನಿಮ್ಮ ಹುಡುಗ ಹೀಗೆ ಮಾಡಿದ್ದಾನೆ, ನೋಡಿಕೊಳ್ಳಿ ಎಂದು. ಹೇಳಲಿಲ್ಲ. ಹಲಗೆ, ಗಡಿಯಾರ ಎಲ್ಲವನ್ನೂ ಹಾಳು ಬಿದ್ದು ಹೋಗಲಿ ಎಂದು ಶಪಿಸಿದವಳು ಈ ಕಿಟಕಿಯನ್ನು ಮಾತ್ರ ದಿನಕ್ಕೆ ಮೂರು ಸಲ, ಕೈ ತೊಳೆದುಕೊಂಡು, ತೆರೆದು ನೋಡತೊಡಗಿದಳು.

ಆಗ ಕೈಯಲ್ಲಿದ್ದದ್ದು ಬದರೀನಾರಾಯಣ ಅವರ ಮೊಮ್ಮಗಳ ಮದುವೆ, ಇಪ್ಪತ್ತೊಂದು ಗಿಟುಕು. ತ್ಯಾಗರಾಜನಗರದ ಈ ಹಿರಿಯರು ಸರ್ಕಾರಿ ಕೆಲಸದಿಂದ ನಿವೃತ್ತರಾದವರು. ಆರ್ಡರ್ ಕೊಡಲು ಬಂದ ದಿನ, ನಾಲ್ಕು ವರ್ಷದ ಹಿಂದೆ ದೊಡ್ಡ ಮೊಮ್ಮಗಳ ಮದುವೆಗೆ ಮಾಡಿಸಿದ್ದ ನವಿಲು ಗಿಟುಕನ್ನು ಇನ್ನೂ ಗಾಜಿನ ಪೆಟ್ಟಿಗೆಯಲ್ಲಿ ಇಟ್ಟಿದ್ದೇವೆಂದು ಹೇಳಿ, "ಏನ್ ಕೈ ಅಮ್ಮ ನಿಮ್ದು! ಚಿನ್ನ!" ಅಂದಿದ್ದರು. ಸುಪ್ರಜಾ ನಾಚಿಕೊಂಡು ತನ್ನ ಕೈ ನೋಡಿಕೊಂಡಿದ್ದಳು. ಎಳೆದ ಬಾಗಿಲ ಹಿಂದೆ ಅಂಜಮ್ಮನೂ ತನ್ನ ಕೈ ನೋಡಿಕೊಂಡಿದ್ದಳು.

ನಿವೃತ್ತರಿಗೆ ಇಂಥ ಕಿಟಕಿ ಸಿಕ್ಕರೆ ಕೇಳಬೇಕೆ? ಲಿಂಕ್ ತಲುಪಿದ್ದು ಮಂಗಳವಾರ ಸಾಯಂಕಾಲ. ಬುಧವಾರ ಹನ್ನೊಂದು ಗಂಟೆಗೆ ಬದರೀನಾರಾಯಣ ಆಟೋದಿಂದ ಇಳಿದು, ಗೇಟು ತೆರೆದು, ಸುಪ್ರಜಾ ಬಾಗಿಲು ಎಳೆಯಲು ಏಳುವಷ್ಟರಲ್ಲಿ ನಡುಮನೆಗೇ ಬಂದು ನಿಂತರು. ಭಾನುವಾರ ಮದುವೆ. ಹನ್ನೆರಡು ಗಿಟುಕು ಮುಗಿದಿದ್ದವು, ಒಂಬತ್ತು ಬಾಕಿ. ವಸಿಷ್ಠ ಮೂಲೆಯಲ್ಲಿ ಲ್ಯಾಪ್‌ಟಾಪ್ ತೆರೆದು ಕೂತಿದ್ದ.

"ಏನಮ್ಮ ಸುಪ್ರಜಾ, ಇದು ಯಾರು?" ಫೋನನ್ನು ಅವಳ ಮೂಗಿನ ಮುಂದೆ ಹಿಡಿದರು.

ಸುಪ್ರಜಾ ನೋಡಿದಳು. ಕೈಯಲ್ಲಿದ್ದ ಮಣಿಯ ಬಟ್ಟಲು ಓರೆಯಾಗಿ ಮಣಿ ನೆಲಕ್ಕೆ ಉರುಳಿದವು.

"ಅಯ್ಯೋ, ಇದು ಸಾಫ್ಟ್‌ವೇರ್ ತಪ್ಪು ಸಾರ್. ಅವ್ಳು ಮನೆ ಕೆಲ್ಸದವ್ಳು. ಕೊಬ್ರಿ ಹುಡಿ ಗುಡ್ಸಕ್ಕೆ ಅಂತ ಇಟ್ಕೊಂಡಿರೋದು. ಇವ್ನು ಏನೋ ಗೊತ್ತಾಗ್ದೆ ಹಾಕ್ಬಿಟ್ಟಿದಾನೆ."

"ಇಪ್ಪತ್ತೆರಡು ವರ್ಷ ಅನುಭವ ಅಂತಿದೆಯಲ್ಲ?"

"ಗುಡ್ಸೋದ್ರಲ್ಲಿ ಸಾರ್."

ಒಳಗೆ ಅಂಜಮ್ಮನ ಬ್ಲೇಡು ನಿಂತಿತು. ಇಷ್ಟು ವರ್ಷ ಅವಳ ಕೆಲಸವನ್ನು ಸುಪ್ರಜಾ ತನ್ನದೆಂದು ಹೇಳಿಕೊಂಡಿದ್ದಳು. ಅದನ್ನು ಅಂಜಮ್ಮ ನುಂಗಿಕೊಂಡಿದ್ದಳು. ಆದರೆ ಪೊರಕೆಯನ್ನು ಕೈಗೆ ಕೊಟ್ಟದ್ದು ಇವತ್ತೇ. ಅರ್ಧ ಕೆತ್ತಿದ ನವಿಲು ಒಂದು ಕೈಯಲ್ಲಿ, ಬ್ಲೇಡು ಇನ್ನೊಂದು ಕೈಯಲ್ಲಿ, ಹಾಗೇ ಎದ್ದು ಬಂದು ಬಾಗಿಲಲ್ಲಿ ನಿಂತಳು.

ಅಂಗೈ ಹುಣ್ಣಿಗೆ ಕನ್ನಡಿ ಬೇಕೆ? ಬದರೀನಾರಾಯಣ ನವಿಲನ್ನು ನೋಡಿದರು, ಬ್ಲೇಡನ್ನು ನೋಡಿದರು, ಫೋನಿನ ಫೋಟೋ ನೋಡಿದರು. ಎಲ್ಲವನ್ನೂ ನೋಡಿದ ಮೇಲೆ ಸುಪ್ರಜಾಳ ಕಡೆಗೇ ತಿರುಗಿದರು, ಬಾಗಿಲಲ್ಲಿ ಯಾರೂ ಇಲ್ಲವೆಂಬಂತೆ.

"ನೋಡಮ್ಮ, ನಮಗೇನೂ ಇಲ್ಲ. ನಾವು ಅಂಥವರಲ್ಲ. ನಾನು ಆಫೀಸಲ್ಲಿ ಎಲ್ಲಾರ ಜೊತೇನೂ ಕೂತು ಡಬ್ಬಿ ತೆಗೆದವ್ನೇ. ಆದ್ರೆ ಬೀಗರು ಲಿಂಕ್ ಕೇಳ್ತಿದಾರೆ. ಸಾಯಂಕಾಲ ಕಳಿಸ್ಬೇಕು. ಅವ್ರ ಮನೇಲಿ ದೊಡ್ಡವ್ರು ಇದಾರೆ, ಗೊತ್ತಲ್ಲ?"

ಅಂಥವರಲ್ಲದವರಿಗೆ ಯಾವಾಗಲೂ ಅಂಥ ಬೀಗರೇ ಸಿಗುತ್ತಾರೆ. ಆ ಬೀಗರೂ ತಮ್ಮ ಮನೆಯಲ್ಲಿ ಕೂತು ಇದೇ ಮಾತನ್ನು ಇವರ ತಲೆಗೆ ಕಟ್ಟುತ್ತಿರುತ್ತಾರೆ.

"ಲೋ ವಸಿಷ್ಠಾ, ತೆಗಿಯೋ ಅದನ್ನ!" ಅಂದಳು ಸುಪ್ರಜಾ.

"ಯಾಕೆ ದೊಡ್ಡಮ್ಮ? ಎಲ್ಲಾ ಸರಿಯಾಗೇ ಇದೆಯಲ್ಲ?"

"ತೆಗಿ ಅಂದ್ರೆ ತೆಗಿ."

ವಸಿಷ್ಠ ದೊಡ್ಡಮ್ಮನ ಮುಖ ನೋಡಿದ, ಅಂಜಮ್ಮನ ಮುಖ ನೋಡಿದ. ಅವನಿಗೂ ಕಡೆಗೆ ಅರ್ಥವಾಯಿತು, ಕಿವಿ ಕೆಂಪಾದವು. ಒಂದು ಕ್ಷಣ ಮನುಷ್ಯನಂತೆ ಕಂಡ. ಆಮೇಲೆ ಲ್ಯಾಪ್‌ಟಾಪಿನೊಳಕ್ಕೆ ಮುಖ ಹಾಕಿ ಹುಡುಕಿದ.

"ಪೂರ್ತಿ ತೆಗೆಯಕ್ ಆಗಲ್ಲ. ಆದ್ರೆ ಇಲ್ಲೊಂದು ಟಿಕ್ ಇದೆ. 'ಗ್ರಾಹಕರಿಗೆ ಹೆಸರು ತೋರಿಸಬೇಡಿ' ಅಂತ."

ಅಷ್ಟು ಸುಲಭ. ಇಪ್ಪತ್ತೆರಡು ವರ್ಷ ಬಾಗಿಲು ಎಳೆದೂ ಎಳೆದೂ ಸುಪ್ರಜಾಳ ರಟ್ಟೆ ಬಿದ್ದುಹೋಗಿತ್ತು, ಇಲ್ಲಿ ನೋಡಿದರೆ ಒಂದೇ ಒಂದು ಟಿಕ್ಕು. ವಸಿಷ್ಠ ಒತ್ತಿದ. ಬದರೀನಾರಾಯಣ ಅವರ ಫೋನಿನಲ್ಲಿ ಅಂಜಮ್ಮನ ಮುಖ ಹೋಗಿ, ಕಣ್ಣು ಮೂಗಿಲ್ಲದ ಬೂದುಬಣ್ಣದ ಒಂದು ತಲೆ ಬಂತು. ಕೆಳಗೆ 'ತಂಡದ ಸದಸ್ಯರು' ಎಂದು ಬರೆದಿತ್ತು.

"ಹಾಂ, ಇದು ಸರಿ," ಅಂದರು ಬದರೀನಾರಾಯಣ. ಕುರ್ಚಿ ಎಳೆದುಕೊಂಡು ಕೂತರು. "ಇದ್ರಲ್ಲಿ ಯಾರಿಗೂ ಬೇಜಾರಿಲ್ಲ. ನಾನೇನೂ ನೋಡ್ಲಿಲ್ಲ. ಆದ್ರೆ ಅಮ್ಮ, ಆ ನವಿಲು ಮಾತ್ರ ಹಿಂದಿನ ಸಲದ್ದರ ಹಾಗೇ ಬರ್ಬೇಕು. ಅದೇ ಕೈ ಇರ್ಬೇಕು."

ಬೆಕ್ಕು ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುವುದನ್ನು ಅಂಜಮ್ಮ ನೋಡಿದ್ದಳು. ಕಣ್ಣು ಮುಚ್ಚಿಕೊಂಡು, ಹಾಲಿಗೆ ಸಕ್ಕರೆ ಕಡಿಮೆ ಅನ್ನುವ ಬೆಕ್ಕನ್ನು ನೋಡಿರಲಿಲ್ಲ.

"ಯಾರ ಕೈ ಸ್ವಾಮಿ?" ಎಂದು ಕೇಳಿದಳು.

ಬದರೀನಾರಾಯಣ ಗೋಡೆಯ ಮೇಲಿನ ಕ್ಯಾಲೆಂಡರ್ ನೋಡತೊಡಗಿದರು.

"ಅಂಜಮ್ಮ, ಒಳಗ್ ಹೋಗು," ಅಂದಳು ಸುಪ್ರಜಾ.

"ನನ್ನ ಹೆಸ್ರು ಮತ್ತೆ ಹಾಕ್ಸಿ ಅಮ್ಮಾ. ಒಂಬತ್ತೂ ಶನಿವಾರದೊಳ್ಗೆ ಮುಗ್ಸಿ ಕೊಡ್ತೀನಿ."

"ಇದ್ಯಾವ ಹೊಸ ರಾಗ ನಿಂದು? ಏನ್ ಕಮ್ಮಿ ಮಾಡಿದೀನಿ ನಿನಗೆ? ಹಬ್ಬಕ್ಕೆ ಸೀರೆ ಕೊಟ್ಟಿಲ್ವಾ? ಲಾಸ್ಯಾ ಕಾಲೇಜಿಗೆ ಸೇರುವಾಗ ಕೊಟ್ಟಿಲ್ವಾ? ಈಗ ಹೆಸ್ರು ಬೇಕಂತೆ. ತಗೊಂಡ್ ಹೋಗಿ ಉಪ್ಪಿನಕಾಯಿ ಹಾಕ್ತೀಯಾ?"

"ಕೊಟ್ಟಿದ್ದನ್ನ ಇಲ್ಲ ಅನ್ನಲ್ಲ ಅಮ್ಮಾ. ಸೀರೆ ಕೇಳಿರ್ಲಿಲ್ಲ, ಕೊಟ್ರಿ. ಹೆಸ್ರು ಕೇಳ್ತಿದೀನಿ, ಕೊಡಿ."

ಸುಪ್ರಜಾ ಬದರೀನಾರಾಯಣ ಅವರ ಕಡೆ ನೋಡಿ, ಮಕ್ಕಳ ಹಟಕ್ಕೆ ದೊಡ್ಡವರು ನಗುವಂತೆ ನಕ್ಕಳು. ಆ ನಗುವಿನಲ್ಲಿ ಉತ್ತರವಿತ್ತು.

"ಹಾಗಾದ್ರೆ ಹೆಸ್ರಿನ ಜೊತೆ ಕೈಯೂ ಹೋಗ್ತದೆ," ಅಂದಳು ಅಂಜಮ್ಮ. "ಎರಡೂ ಒಬ್ಳದೇ."

ಅರ್ಧ ನವಿಲನ್ನು ಮೇಜಿನ ಮೇಲಿಟ್ಟಳು. ಹಿತ್ತಲ ಕೋಣೆಗೆ ಹೋಗಿ, ಅಪ್ಪ ಮಾಡಿಕೊಟ್ಟಿದ್ದ ನಾಲ್ಕು ಸಣ್ಣ ಬ್ಲೇಡುಗಳನ್ನು ಒಂದೊಂದಾಗಿ ಒರೆಸಿ ಬಟ್ಟೆಯ ಚೀಲಕ್ಕೆ ಹಾಕಿದಳು. ವಸಿಷ್ಠ ಅವಳ ಹಿಂದೆಯೇ ಬಂದು ನಿಂತ. ಏನೋ ಒಳ್ಳೆಯ ಮಾತು ಹೇಳಬೇಕೆಂದು ಬಂದವನ ಹಾಗಿತ್ತು ಅವನ ಮುಖ. ಬಾಯಿ ತೆರೆದಾಗ ಬಂದದ್ದು ಬೇರೆ.

"ಅಂಜಮ್ಮ, ಸಿಸ್ಟಮ್ಮಲ್ಲಿ ಇನ್ನೂ ಒಂಬತ್ತು ಬಾಕಿ ತೋರಿಸ್ತಿದೆ."

"ಅದಕ್ಕೂ ಒಂದು ಟಿಕ್ ಹಾಕಪ್ಪ. ಮರೆಯಾಗ್ತದೆ."

ಅವಳ ಚಪ್ಪಲಿ ಹಿತ್ತಲ ಬಾಗಿಲಲ್ಲಿದ್ದವು. ಅವನ್ನು ಕೈಯಲ್ಲಿ ಹಿಡಿದುಕೊಂಡು ನಡುಮನೆಯ ಮೂಲಕವೇ ನಡೆದು ಬಂದಳು. ಬದರೀನಾರಾಯಣ ಪಂಚೆಯ ಅಂಚನ್ನು ಮೆಲ್ಲಗೆ ತಮ್ಮ ಕಡೆಗೆ ಎಳೆದುಕೊಂಡರು. ಅಂಜಮ್ಮ ಮುಂಬಾಗಿಲ ಮೆಟ್ಟಿಲ ಮೇಲೆ ಕೂತು, ಚಪ್ಪಲಿ ಹಾಕಿಕೊಳ್ಳತೊಡಗಿದಳು. ಆ ಮೆಟ್ಟಿಲ ಮೇಲೆ ಅವಳು ಕೂತದ್ದು ಅದೇ ಮೊದಲು. ಆತುರ ಮಾಡಲಿಲ್ಲ.

ಒಳಗಿನಿಂದ ಬದರೀನಾರಾಯಣ ಅವರ ದನಿ ಕೇಳಿತು. "ಹೋದ್ರೆ ಹೋಗ್ಲಿ ಬಿಡಮ್ಮ. ಹಿಂದಿನ ಸಲ ನೀವೇ ಕೆತ್ತಿದ್ದಲ್ವೇ? ಮನೆಯವ್ರೇ, ಮಡೀಲಿ? ಈ ನವಿಲು ಒಂದು ಮುಗ್ಸಿ. ನೋಡ್ಕೊಂಡೇ ಹೋಗ್ತೀನಿ."

ಅಡುಗೆಮನೆಯ ಡ್ರಾಯರ್ ತೆರೆದ ಸದ್ದಾಯಿತು, ತರಕಾರಿ ಚಾಕು ತೆಗೆದ ಸದ್ದಾಯಿತು. ಆಮೇಲೆ ಫಟ್ಟೆಂದು ಒಂದು ಸದ್ದು. ಕೊಬ್ಬರಿಯ ಎಳೆಗೆ ಅಡ್ಡಲಾಗಿ ಒತ್ತಿದರೆ ಅದು ಹಾಗೇ ಸೀಳುತ್ತದೆ. ಅಂಜಮ್ಮನಿಗೆ ನೋಡದೆಯೇ ತಿಳಿಯಿತು, ನವಿಲಿನ ಕುತ್ತಿಗೆ ಹೋಯಿತೆಂದು. ಆ ಕುತ್ತಿಗೆ ಚೆನ್ನಾಗಿ ಬಂದಿತ್ತು.

"ಈ ಕೊಬ್ರಿನೇ ಸರಿಯಿಲ್ಲ," ಅಂದಳು ಸುಪ್ರಜಾ. ಕುಣಿಯಲಾರದವಳಿಗೆ ನೆಲ ಡೊಂಕು.

"ಮದುವೆ ಕೊಬ್ರಿ ಒಡೆದ್ಬಿಟ್ರಲ್ಲಮ್ಮ!" ಬದರೀನಾರಾಯಣ ಅವರ ಕುರ್ಚಿ ಹಿಂದಕ್ಕೆ ಸರಿದ ಸದ್ದಾಯಿತು. "ಅಪಶಕುನ ಇದು! ಕರೀರಿ ಅವಳನ್ನ! ಮೊದ್ಲು ಕರೀರಿ!"

ಅಂಜಮ್ಮ ಅಷ್ಟರಲ್ಲಿ ಗೇಟು ದಾಟಿದ್ದಳು. ಸುಪ್ರಜಾ ಚಾಕು ಹಿಡಿದುಕೊಂಡೇ ಬಾಗಿಲಿಗೆ ಓಡಿ ಬಂದು, ಬೀದಿಗೆಲ್ಲ ಕೇಳುವಂತೆ ಕೂಗಿದಳು:

"ಅಂಜಮ್ಮಾ! ಅಂಜಮ್ಮಾ, ನಿಂತ್ಕೊಳೇ! ನೀನೇ ಬಂದು ಕೆತ್ಬೇಕು, ನನಗೆ ಬರಲ್ಲ ಕಣೇ!"

ಎದುರು ಮನೆಯ ಕಾಂಪೌಂಡಿನಲ್ಲಿ ಪೂಜೆಗೆ ಹೂ ಬಿಡಿಸುತ್ತಿದ್ದ ಅಂಬುಜಮ್ಮ ಬುಟ್ಟಿ ಹಿಡಿದುಕೊಂಡು ಗೇಟಿಗೆ ಬಂದರು. ಅವರ ಮೂವರು ಹೆಣ್ಣುಮಕ್ಕಳ ಮದುವೆಗೂ ತಟ್ಟೆ ಹೋದದ್ದು ಈ ಮನೆಯಿಂದಲೇ. "ಯಾರು ಕೆತ್ಬೇಕು ಅಂದ್ರಿ ಸುಪ್ರಜಾ?" ಎಂದು ಕೇಳಿದರು.

ಅಂಜಮ್ಮ ತಿರುಗಲಿಲ್ಲ. ಬೀದಿಯ ಕೊನೆಯವರೆಗೂ ತನ್ನ ಹೆಸರನ್ನು ಕೇಳಿಸಿಕೊಳ್ಳುತ್ತ, ಗವಿಪುರದ ಕಡೆಗೆ ನಡೆದಳು.